ದುಡಿಯುವ ಊರೋ, ತವರೂರೋ: 1980ರ ಒಂದು ಆಯ್ಕೆ ನಿಯಮದ ಪ್ರಕರಣ

ಆರ್ಥರ್ ಬೀಟ್‌ಸನ್ ಅವರಿಗೆ ಆಗ 35 ವರ್ಷ. ಮೈ ಭಾರವಾಗಿತ್ತು, ಓಟ ನಿಧಾನವಾಗಿತ್ತು. ಸಿಡ್ನಿಯ ಪ್ಯಾರಮಟಾ ರಗ್ಬಿ ಲೀಗ್ ಕ್ಲಬ್ ಅವರನ್ನು ಮೊದಲ ತಂಡದಿಂದ ಇಳಿಸಿ ಮೀಸಲು ದರ್ಜೆಯಲ್ಲಿ ಆಡಿಸುತ್ತಿತ್ತು. ಆಟಗಾರನೊಬ್ಬನ ಬದುಕಿನಲ್ಲಿ ಇದು ಬೂಟು ಬಿಚ್ಚಿಡುವ ಹೊತ್ತು. ಆದರೆ 1980ರ ಜುಲೈ 8ರ ಮಂಗಳವಾರ ರಾತ್ರಿ ಅವರು ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್ ಕ್ರೀಡಾಂಗಣಕ್ಕೆ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮರೂನ್ ಅಂಗಿ ತೊಟ್ಟು, ನಾಯಕರಾಗಿ ಇಳಿದರು. ಹುಟ್ಟಿದ್ದು ಕ್ವೀನ್ಸ್‌ಲ್ಯಾಂಡ್‌ನ ಒಳನಾಡಿನ ರೋಮಾ ಪಟ್ಟಣದಲ್ಲಿ; ಬ್ರಿಸ್ಬೇನ್‌ನಿಂದ ಅಲ್ಲಿಗೆ, ಬೆಂಗಳೂರಿನಿಂದ ಬೆಳಗಾವಿಗೆ ಇರುವಷ್ಟೇ ದೂರ. ಆಸ್ಟ್ರೇಲಿಯಾ ದೇಶದ ತಂಡಕ್ಕೆ ನಾಯಕರಾಗಿದ್ದವರು. ಆದರೂ ತಮ್ಮ ರಾಜ್ಯದ ಅಂಗಿಯನ್ನು ಅವರು ತೊಟ್ಟದ್ದು ಅದೇ ಮೊದಲು. ಅದುವರೆಗೆ ಆಡಿದ ಅಂತರರಾಜ್ಯ ಪಂದ್ಯಗಳೆಲ್ಲ ಎದುರಾಳಿ ನ್ಯೂ ಸೌತ್ ವೇಲ್ಸ್ ಪರವಾಗಿ, ಅಂದರೆ ತಮ್ಮ ಊರಿನವರ ವಿರುದ್ಧವಾಗಿ.

ಆ ರಾತ್ರಿ ಅವರು ಮೈದಾನಕ್ಕಿಳಿಯಲು ಕಾರಣವಾದದ್ದು ಆಯ್ಕೆ ನಿಯಮದ ಒಂದೇ ಒಂದು ಸಾಲಿನ ಬದಲಾವಣೆ. ‘ನೀನು ಈಗ ಎಲ್ಲಿ ಆಡುತ್ತೀಯೆ?’ ಎಂಬ ಪ್ರಶ್ನೆಯನ್ನು ಕೈಬಿಟ್ಟು ‘ನೀನು ಎಲ್ಲಿಯವನು?’ ಎಂದು ಕೇಳಿದರು. ಎಪ್ಪತ್ತೆರಡು ವರ್ಷ ಹಳೆಯದಾದ, ಜನ ನೋಡುವುದನ್ನೇ ಬಿಟ್ಟಿದ್ದ ಪಂದ್ಯವೊಂದು ಆ ಪ್ರಶ್ನೆಯಿಂದ ಆಸ್ಟ್ರೇಲಿಯಾದ ಅತಿ ದೊಡ್ಡ ಕ್ರೀಡಾ ಹಬ್ಬಗಳಲ್ಲೊಂದಾಯಿತು. ಅದನ್ನೇ ಇಂದು ‘ಸ್ಟೇಟ್ ಆಫ್ ಒರಿಜಿನ್’ (ಮೂಲ ರಾಜ್ಯ), ಚುಟುಕಾಗಿ ‘ಒರಿಜಿನ್’ ಎನ್ನುತ್ತಾರೆ. ಸಂಸ್ಥೆಗಳು ನಿಯಮ ಬದಲಿಸಿ ಜನರ ಮನಸ್ಸನ್ನೂ ಬದಲಿಸುವ ಉದಾಹರಣೆಗಳು ಕಡಿಮೆ. ಅದರಲ್ಲೂ ಸೋಲುತ್ತಿದ್ದವರು ಕೇಳಿ ಪಡೆದ ನಿಯಮ, ಗೆಲ್ಲುತ್ತಿದ್ದವರಿಗೂ ಲಾಭ ತಂದದ್ದು ಇನ್ನೂ ಅಪರೂಪ. ಅದಕ್ಕಾಗಿ ಈ ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ರಗ್ಬಿ ಲೀಗ್‌ನಲ್ಲಿ ಒಂದೊಂದು ಕಡೆ 13 ಆಟಗಾರರು. ಚೆಂಡನ್ನು ಅಪ್ಪಿ ಹಿಡಿದು ಎದುರಾಳಿಗಳ ಗೋಡೆಯೊಳಕ್ಕೆ ನುಗ್ಗಬೇಕು. ಅವರು ಕೆಡವುತ್ತಾರೆ, ಎದ್ದು ಮತ್ತೆ ನುಗ್ಗಬೇಕು. ಹೀಗೆ ಆರು ಬಾರಿ ಕೆಡವಿಸಿಕೊಳ್ಳುವುದರೊಳಗೆ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’, ಇಲ್ಲವಾದರೆ ಚೆಂಡು ಎದುರಾಳಿಗೆ. ಕಬಡ್ಡಿ ನೋಡಿ ಬೆಳೆದವರಿಗೆ ಇದು ಹೊರಗಿನ ಆಟ ಅನ್ನಿಸುವುದಿಲ್ಲ. ಉಸಿರು ಬಿಗಿಹಿಡಿದು ಒಬ್ಬ ನುಗ್ಗುವುದು, ಮೂವರು ಸೇರಿ ಅವನ ಸೊಂಟ, ತೊಡೆ, ಕಾಲು ಹಿಡಿಯುವುದು, ಗೆರೆಗೆ ಒಂದು ಗೇಣು ಉಳಿದಾಗ ಇಡೀ ಮೈದಾನ ಎದ್ದು ನಿಲ್ಲುವುದು ಅಲ್ಲಿಯೂ ಉಂಟು. ಆದರೆ ಇವರು ನೂರು ಕಿಲೋ ತೂಗುವವರು, ಓಡಿ ಬಂದು ಗುದ್ದುವವರು.

ಹಳೆಯ ಗಾಯ

ಕ್ವೀನ್ಸ್‌ಲ್ಯಾಂಡ್ ಮೊದಲು ನ್ಯೂ ಸೌತ್ ವೇಲ್ಸ್ ವಸಾಹತಿನದೇ ಭಾಗವಾಗಿತ್ತು. 1859ರಲ್ಲಿ ಪಾಲಾಗಿ ಬೇರೆಯಾಯಿತು. ಪಾಲಾದ ಮನೆಗಳಲ್ಲಿ ಅಣ್ಣನ ಮನೆಯ ಕಡೆ ಒಂದು ಕಣ್ಣು ಸದಾ ಇರುತ್ತದಲ್ಲ, ಹಾಗೆಯೇ ಇಲ್ಲಿ. ಬ್ಯಾಂಕು, ಪತ್ರಿಕೆ, ದೊಡ್ಡ ಕಂಪನಿ ಎಲ್ಲ ದಕ್ಷಿಣದ ಸಿಡ್ನಿಯಲ್ಲಿ. ಕಬ್ಬು, ದನ, ಗಣಿ ಉತ್ತರದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ರೈಲು ಹಳಿಯ ಅಗಲ ಕೂಡ ಎರಡು ರಾಜ್ಯಗಳಲ್ಲಿ ಬೇರೆ ಬೇರೆ. ಬೇಸಿಗೆ ಬಂದರೆ ನ್ಯೂ ಸೌತ್ ವೇಲ್ಸ್ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಕ್ವೀನ್ಸ್‌ಲ್ಯಾಂಡ್ ಇಡುವುದಿಲ್ಲ. ಹಾಗಾಗಿ ಗಡಿಯಲ್ಲಿ ಅಂಟಿಕೊಂಡಿರುವ ಕೂಲಂಗಟಾ ಮತ್ತು ಟ್ವೀಡ್ ಹೆಡ್ಸ್ ಪಟ್ಟಣಗಳ ನಡುವೆ ರಸ್ತೆ ದಾಟಿದರೆ ಒಂದು ಗಂಟೆ ಹೆಚ್ಚುಕಡಿಮೆಯಾಗುತ್ತದೆ.

ರಗ್ಬಿ ಲೀಗ್ ಹುಟ್ಟಿದ್ದೇ ದುಡ್ಡಿನ ಜಗಳದಲ್ಲಿ. ಪಂದ್ಯಕ್ಕೆಂದು ಗಿರಣಿಯ ಕೂಲಿ ಕಳೆದುಕೊಂಡ ಕಾರ್ಮಿಕರಿಗೆ ಪರಿಹಾರ ಕೊಡಬೇಕೋ ಬೇಡವೋ ಎಂಬ ವಿಷಯದಲ್ಲಿ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಳೆಯ ರಗ್ಬಿ ಸಂಸ್ಥೆಯಿಂದ ಸಿಡಿದು ಹೊರಬಂದವು. ಅದೇ ಜಗಳ ಹಡಗು ಹತ್ತಿ ಸಿಡ್ನಿಗೆ ಬಂತು. 1907ರಲ್ಲಿ ಅಲ್ಲಿ ಲೀಗ್ ಕಟ್ಟಿದವರಲ್ಲಿ ಕ್ರಿಕೆಟ್ ದಂತಕಥೆ ವಿಕ್ಟರ್ ಟ್ರಂಪರ್ ಕೂಡ ಒಬ್ಬರು. ಮರುವರ್ಷವೇ ಮೊದಲ ಅಂತರರಾಜ್ಯ ಪಂದ್ಯ ನಡೆಯಿತು. ನ್ಯೂ ಸೌತ್ ವೇಲ್ಸ್ 43, ಕ್ವೀನ್ಸ್‌ಲ್ಯಾಂಡ್ ಸೊನ್ನೆ.

ಹಾಗೆಂದು ಕ್ವೀನ್ಸ್‌ಲ್ಯಾಂಡ್‌ನವರು ಯಾವಾಗಲೂ ಕೈಲಾಗದವರಾಗಿರಲಿಲ್ಲ. 1920ರ ದಶಕದಲ್ಲಿ ಅವರು ಸಿಡ್ನಿಯವರನ್ನು ವರ್ಷಗಟ್ಟಲೆ ಮಣ್ಣು ಮುಕ್ಕಿಸಿದ್ದರು. ಟೂವೂಂಬಾ ಎಂಬ ಒಂದು ಪಟ್ಟಣದ ತಂಡವೇ 1924ರಲ್ಲಿ ಇಂಗ್ಲೆಂಡಿನಿಂದ ಪ್ರವಾಸ ಬಂದ ತಂಡವನ್ನು ಸೋಲಿಸಿತ್ತು. ಪ್ರತಿಭೆಗೆ ಬರ ಇರಲಿಲ್ಲ. ಬಂದ ಬೆಳೆ ಕಣದಿಂದಲೇ ಬೇರೆಯವರ ಪಾಲಾಗತೊಡಗಿದ್ದು ಆಮೇಲೆ.

ಅದರ ಹಿಂದೆ ಒಂದು ಯಂತ್ರವಿದೆ. 1956ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಕ್ಲಬ್‌ಗಳಲ್ಲಿ ಜೂಜಿನ ಪೋಕರ್ ಯಂತ್ರಗಳನ್ನು ಕಾನೂನುಬದ್ಧಗೊಳಿಸಿತು. ನಾಣ್ಯ ಹಾಕಿ ಹಿಡಿ ಎಳೆಯುವ ಆ ಪೆಟ್ಟಿಗೆಗಳು ಸಿಡ್ನಿಯ ಲೀಗ್ ಕ್ಲಬ್‌ಗಳಿಗೆ ಹಾಲು ಕರೆಯುವ ಹಸುಗಳಾದವು. ಕ್ವೀನ್ಸ್‌ಲ್ಯಾಂಡ್‌ನ ಕ್ಲಬ್‌ಗಳಿಗೆ ಆ ಸೌಲಭ್ಯ ಸಿಕ್ಕಿದ್ದು 1990ರ ದಶಕದ ಆರಂಭದಲ್ಲಿ. ನಡುವಿನ ಮೂರೂವರೆ ದಶಕ ಬ್ರಿಸ್ಬೇನ್, ಟೌನ್ಸ್‌ವಿಲ್, ರಾಕ್‌ಹ್ಯಾಂಪ್ಟನ್‌ನಲ್ಲಿ ಒಬ್ಬ ಹುಡುಗ ಚೆನ್ನಾಗಿ ಆಡುತ್ತಾನೆಂದು ಸುದ್ದಿಯಾದರೆ ಸಾಕು, ಸಿಡ್ನಿಯಿಂದ ಚೆಕ್ ಪುಸ್ತಕ ಹಿಡಿದವರು ಬಂದಿಳಿಯುತ್ತಿದ್ದರು. ರಾಜ್ಯ ತಂಡದ ಆಯ್ಕೆ ನಿವಾಸದ ಆಧಾರದ ಮೇಲೆ ನಡೆಯುತ್ತಿದ್ದುದರಿಂದ, ಸಿಡ್ನಿಗೆ ಹೋದವನು ಆ ಕ್ಷಣದಿಂದ ನ್ಯೂ ಸೌತ್ ವೇಲ್ಸ್‌ನವನು. ನಮ್ಮ ಬೆರಳಿನಿಂದ ನಮ್ಮ ಕಣ್ಣನ್ನೇ ಚುಚ್ಚಿದಂತೆ ಎನ್ನುತ್ತಾರಲ್ಲ, ಆ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಬೀಟ್‌ಸನ್ ಕೂಡ 1966ರಲ್ಲಿ ರೆಡ್‌ಕ್ಲಿಫ್ ಕ್ಲಬ್ಬಿನಿಂದ ಸಿಡ್ನಿಯ ಬಾಲ್ಮೇನ್ ಕ್ಲಬ್ಬಿಗೆ ಹೋದವರು.

ಫಲಿತಾಂಶ ಊಹಿಸುವುದು ಕಷ್ಟವೇನಲ್ಲ. ಕ್ವೀನ್ಸ್‌ಲ್ಯಾಂಡ್ 1959ರ ನಂತರ ಒಂದು ಸರಣಿಯನ್ನೂ ಗೆಲ್ಲಲಿಲ್ಲ. ನಿವಾಸ ನಿಯಮದ ಇಡೀ ಅವಧಿಯಲ್ಲಿ ನ್ಯೂ ಸೌತ್ ವೇಲ್ಸ್ ಗೆದ್ದ ಪಂದ್ಯಗಳ ಸಂಖ್ಯೆ ಕ್ವೀನ್ಸ್‌ಲ್ಯಾಂಡ್ ಗೆದ್ದದ್ದರ ಸುಮಾರು ಮೂರರಷ್ಟು. ಸೋತವರಿಗೆ ನೋವಾಗುವುದು ಸಹಜ. ಆದರೆ ನಿಜವಾದ ಅಪಾಯ ಗೆದ್ದವರ ಕಡೆ ಇತ್ತು: ಸಿಡ್ನಿಯ ಜನ ಪಂದ್ಯಕ್ಕೆ ಬರುವುದನ್ನೇ ನಿಲ್ಲಿಸಿದ್ದರು. 1980ರ ಸರಣಿಯ ಎರಡನೆಯ ಪಂದ್ಯ ಸಿಡ್ನಿಯ ಲೈಕಾರ್ಟ್ ಓವಲ್‌ನಲ್ಲಿ ನಡೆದಾಗ ನೋಡಲು ಬಂದವರು ಎರಡು ಸಾವಿರಕ್ಕಿಂತ ಕಡಿಮೆ. ನಮ್ಮಲ್ಲಿ ಗ್ರಾಮದೇವತೆಯ ಜಾತ್ರೆಯ ಕುಸ್ತಿಗೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಪಶ್ಚಿಮದಿಂದ ಬಂದ ಉಪಾಯ

ಪರಿಹಾರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹುಟ್ಟಿದ್ದಲ್ಲ, ರಗ್ಬಿಯಲ್ಲೂ ಹುಟ್ಟಿದ್ದಲ್ಲ. ಖಂಡದ ಇನ್ನೊಂದು ತುದಿಯ ಪರ್ತ್ ನಗರದಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನವರಿಗೂ ಇದೇ ಕಾಯಿಲೆ ಇತ್ತು. ಅಲ್ಲಿನ ಒಳ್ಳೆಯ ಆಟಗಾರರನ್ನೆಲ್ಲ ಮೆಲ್ಬರ್ನ್‌ನ ಶ್ರೀಮಂತ ಕ್ಲಬ್‌ಗಳು ಕೊಂಡೊಯ್ಯುತ್ತಿದ್ದವು. 1977ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಒಂದು ಪಂದ್ಯದಲ್ಲಿ ವಿಕ್ಟೋರಿಯಾಕ್ಕೆ 63 ಅಂಕಗಳಿಂದ ಸೋತಿತು. ಮೂರು ತಿಂಗಳ ಬಳಿಕ, ಅಕ್ಟೋಬರ್ 8ರಂದು, ಊರು ಬಿಟ್ಟು ಹೋದವರೆಲ್ಲ ಒಂದು ದಿನದ ಮಟ್ಟಿಗೆ ತವರಿಗೆ ಬಂದು ಆಡುವ ನಿಯಮದಡಿ ಅದೇ ವಿಕ್ಟೋರಿಯಾವನ್ನು 94 ಅಂಕಗಳಿಂದ ಸೋಲಿಸಿತು. ಸುಬಿಯಾಕೊ ಕ್ಲಬ್ಬಿನ ಮಾರುಕಟ್ಟೆ ವಿಭಾಗ ನೋಡಿಕೊಳ್ಳುತ್ತಿದ್ದ ಲಿಯಾನ್ ಲಾರ್ಕಿನ್ ಎಂಬವರು ಈ ಯೋಚನೆಯ ಬೆನ್ನು ಹತ್ತಿದವರು. ಅಂದರೆ ಇಂದು ರಕ್ತಸಂಬಂಧದಂತೆ ಮಾತನಾಡುವ ಈ ಪರಂಪರೆ ಹುಟ್ಟಿದ್ದು ಟಿಕೆಟ್ ಮಾರಬೇಕೆಂಬ ಚಿಂತೆಯಿಂದ. ಇದನ್ನು ಕುಹಕವಾಗಿ ಹೇಳುತ್ತಿಲ್ಲ. ಊರಹಬ್ಬಗಳ ಹಿಂದೆಯೂ ಸಂತೆಯ ಲೆಕ್ಕ ಇದ್ದೇ ಇರುತ್ತದೆ.

ಕ್ವೀನ್ಸ್‌ಲ್ಯಾಂಡ್ ರಗ್ಬಿ ಲೀಗ್‌ನ ಅಧ್ಯಕ್ಷರಾಗಿದ್ದ ರಾನ್ ಮೆಕಾಲಿಫ್ ಲೇಬರ್ ಪಕ್ಷದ ಸೆನೆಟರ್ ಕೂಡ. ರಾಜಕಾರಣಿಯ ಮೂಗು ಅವರದು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತಿಳಿಯುತ್ತಿತ್ತು. ವ್ಯಾಪಾರಿ ಬ್ಯಾರಿ ಮರಾಂಟಾ, ಪತ್ರಕರ್ತ ಹ್ಯೂ ಲನ್ ಈ ಯೋಚನೆಯನ್ನು ಅವರ ಕಿವಿಗೆ ಹಾಕಿದವರೆಂದು ಹೇಳುತ್ತಾರೆ. ಕೇಳಿದೊಡನೆ ಅವರು ಕುಣಿದಾಡಲಿಲ್ಲ, ಹೆದರಿದರು. ಆ ಹೆದರಿಕೆಯೇ ಈ ಪ್ರಕರಣದ ತಿರುಳು ಎಂದು ನನಗೆ ಅನ್ನಿಸುತ್ತದೆ.

ಯಾಕೆ ಹೆದರಿಕೆ? ಅದುವರೆಗೆ ಪ್ರತಿ ಸೋಲಿಗೂ ಒಂದು ಗೌರವದ ನೆಪವಿತ್ತು. ‘ನಮ್ಮ ಹುಡುಗರನ್ನೇ ಕದ್ದು ನಮ್ಮ ಮೇಲೆ ಬಿಟ್ಟಿದ್ದಾರೆ, ನಾವೇನು ಮಾಡೋಣ?’ ಎನ್ನಬಹುದಿತ್ತು. ಹುಡುಗರೆಲ್ಲ ತವರಿಗೆ ಬಂದು, ಆಮೇಲೂ ಸೋತರೆ? ಆಗ ನೆಪವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಎಷ್ಟೋ ಸಂಸ್ಥೆಗಳು ಅನ್ಯಾಯವನ್ನು ಸರಿಪಡಿಸಲು ಹಿಂಜರಿಯುವುದು ಇದಕ್ಕೇ: ಅನ್ಯಾಯ ಅಷ್ಟರಲ್ಲಿ ಒಂದು ಊರುಗೋಲಾಗಿರುತ್ತದೆ. ಮೆಕಾಲಿಫ್ ಕೊನೆಗೆ ಊರುಗೋಲನ್ನು ಎಸೆಯಲು ಒಪ್ಪಿದರು.

ಸಿಡ್ನಿಯಲ್ಲಿ ನ್ಯೂ ಸೌತ್ ವೇಲ್ಸ್ ಲೀಗ್‌ನ ಮುಖ್ಯಸ್ಥ ಕೆವಿನ್ ಹಂಫ್ರೀಸ್ ಸಹಕರಿಸಿದರು. ಕ್ಲಬ್‌ಗಳು ಗೊಣಗಿದವು. ಸಂಬಳ ಕೊಡುವವರು ತಾವು, ಕಾಲು ಮುರಿದುಕೊಂಡು ಬಂದರೆ ಗತಿಯೇನು ಎಂಬುದು ಅವರ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೇ. ದೇಶದ ತಂಡದ ಮಾಜಿ ನಾಯಕ ಬಾಬ್ ಫುಲ್ಟನ್ ಈ ಪಂದ್ಯವನ್ನು ಶತಮಾನದ ಅತ್ಯಂತ ಸಪ್ಪೆ ಸಂಗತಿ ಎಂಬ ಅರ್ಥದಲ್ಲಿ ಗೇಲಿ ಮಾಡಿದರು. ಆ ಮಾತು ಅವರ ಬೆನ್ನು ಬಿಡಲೇ ಇಲ್ಲ. ಕ್ವೀನ್ಸ್‌ಲ್ಯಾಂಡ್‌ನವರು ಇಂದಿಗೂ ಅದನ್ನು ಸವಿಯುತ್ತಾರೆ.

ಪ್ರಯೋಗಕ್ಕೆ ಒದಗಿದ್ದು ಕಳೆದುಕೊಳ್ಳಲು ಏನೂ ಇಲ್ಲದ ಜಾಗ. 1980ರ ಮೊದಲೆರಡು ಪಂದ್ಯಗಳನ್ನು ಹಳೆಯ ನಿವಾಸ ನಿಯಮದಂತೆ ಆಡಿದರು. ನ್ಯೂ ಸೌತ್ ವೇಲ್ಸ್ 35–3, 17–7ರಿಂದ ಗೆದ್ದು ಸರಣಿಯನ್ನು ಜೇಬಿಗೆ ಹಾಕಿಕೊಂಡಿತು. ಯಾರಿಗೂ ಬೇಡವಾದ ಮೂರನೆಯ ಪಂದ್ಯವನ್ನು ಹೊಸ ನಿಯಮಕ್ಕೆ ಬಿಟ್ಟುಕೊಟ್ಟರು.

ಆ ರಾತ್ರಿ

ಲ್ಯಾಂಗ್ ಪಾರ್ಕ್ ಇರುವ ನೆಲ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಮಶಾನವಾಗಿತ್ತು. ಅಂದು ಅಲ್ಲಿಗೆ 33,210 ಜನ ಬಂದರು. ಪಕ್ಷಪಾತದ ಮಾತು ಬರಬಾರದೆಂದು ಇಂಗ್ಲೆಂಡಿನ ಬಿಲಿ ಥಾಂಪ್ಸನ್ ಅವರನ್ನು ರೆಫರಿಯಾಗಿ ಕರೆಸಿದ್ದರು.

ಸಿಡ್ನಿಯಿಂದ ತವರಿಗೆ ಬಂದವರಲ್ಲಿ ಬೀಟ್‌ಸನ್ ಅಲ್ಲದೆ ಇನಿಸ್ಫೇಲ್‌ನ ಕೆರ್ರಿ ಬೂಸ್ಟೆಡ್, ಬಾಲ್ಮೇನ್ ಕ್ಲಬ್ಬಿನ ರಾಡ್ ಮಾರಿಸ್, ಸೇಂಟ್ ಜಾರ್ಜ್ ಕ್ಲಬ್ಬಿನ ರಾಡ್ ರೆಡ್ಡಿ ಇದ್ದರು. (ರೆಡ್ಡಿ ಎಂದಾಕ್ಷಣ ನಮ್ಮ ಬಳ್ಳಾರಿ ಕಡೆಯವರೇ ಎಂದು ಹಿಗ್ಗಬೇಡಿ, ಇವರು ರಾಕ್‌ಹ್ಯಾಂಪ್ಟನ್‌ನವರು.) ಬ್ರಿಸ್ಬೇನ್‌ನಲ್ಲೇ ಉಳಿದಿದ್ದ ಹುಡುಗರಲ್ಲಿ ಇಬ್ಬರ ಹೆಸರು ಮುಂದೆ ಮನೆಮಾತಾಯಿತು. ಒಬ್ಬರು ವಾಲಿ ಲೂಯಿಸ್. ಇನ್ನೊಬ್ಬರು ಮಾಲ್ ಮೆನಿಂಗಾ. ಅಂದು ಅವರಿಗೆ ಇಪ್ಪತ್ತು ತುಂಬಿದ ಹುಟ್ಟುಹಬ್ಬ.

ಎಲ್ಲರ ಮನಸ್ಸಿನಲ್ಲಿದ್ದ ಸಂಶಯ ಒಂದೇ. ಪ್ರತಿ ಶನಿವಾರ, ಭಾನುವಾರ ಒಂದೇ ಕ್ಲಬ್ಬಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ಆಡುವವರು, ಒಂದೇ ಕಡೆ ಸಂಬಳ ಎಣಿಸುವವರು, ಮಂಗಳವಾರ ಒಬ್ಬರನ್ನೊಬ್ಬರು ನಿಜವಾಗಿ ಕೆಡವಿಯಾರೇ? ಮೈ ಉಳಿಸಿಕೊಂಡು, ಕೈ ಕುಲುಕಿ, ನಗುತ್ತಾ ಮನೆಗೆ ಹೋಗುವ ಪ್ರದರ್ಶನ ಪಂದ್ಯವಾದರೆ ಇಡೀ ಯೋಜನೆ ನಗೆಪಾಟಲು. ಗೇಲಿ ಮಾಡಿದವರೆಲ್ಲ ನೆಚ್ಚಿಕೊಂಡಿದ್ದೂ ಇದನ್ನೇ.

ಉತ್ತರ ಕೊಟ್ಟವರು ಬೀಟ್‌ಸನ್. ನ್ಯೂ ಸೌತ್ ವೇಲ್ಸ್‌ನ ಮಿಕ್ ಕ್ರೋನಿನ್ ಪ್ಯಾರಮಟಾದಲ್ಲಿ ಅವರ ಜೊತೆಗಾರರು. ಚೆಂಡು ಹಿಡಿದು ಬಂದ ಕ್ರೋನಿನ್ ಅವರ ಮೇಲೆ ಬೀಟ್‌ಸನ್ ಯಾವ ಮುಲಾಜೂ ಇಲ್ಲದೆ ಎರಗಿದರು. ವರ್ಷಗಳು ಉರುಳಿದಂತೆ ಆ ಟ್ಯಾಕಲ್ ಬಾಯಿಂದ ಬಾಯಿಗೆ ಬೆಳೆದು, ಕೆಲವರ ನೆನಪಿನಲ್ಲಿ ಮುಷ್ಟಿಯ ಹೊಡೆತವಾಗಿಬಿಟ್ಟಿದೆ. ಅಷ್ಟೇನೂ ಇರಲಿಲ್ಲ. ಆದರೆ ಅಂದಿನ 33 ಸಾವಿರ ಜನಕ್ಕೆ ಬೇಕಾಗಿದ್ದ ಸುದ್ದಿ ಅದರಲ್ಲಿತ್ತು: ಈ ಮನುಷ್ಯ ಸುಮ್ಮನೆ ಹೆಸರಿಗೆ ಬಂದಿಲ್ಲ. ಮೊದಲಾರ್ಧದಲ್ಲಿ ಹತ್ತಾರು ಜನ ಸೇರಿ ಹೊಡೆದಾಡಿಕೊಂಡದ್ದೂ ಆಯಿತು.

ಕ್ವೀನ್ಸ್‌ಲ್ಯಾಂಡ್ ಪರ ಮೊದಲ ಟ್ರೈ ಬೂಸ್ಟೆಡ್ ಅವರದು. ಎರಡನೆಯದು ಕ್ರಿಸ್ ಕ್ಲೋಸ್ ಅವರದು, ಪಂದ್ಯಶ್ರೇಷ್ಠರೂ ಅವರೇ. ನ್ಯೂ ಸೌತ್ ವೇಲ್ಸ್ ಪರ ಗ್ರೆಗ್ ಬ್ರೆಂಟ್‌ನಲ್ ಮತ್ತು ನಾಯಕ ಟಾಮಿ ರೌಡೊನಿಕಿಸ್ ಒಂದೊಂದು ಟ್ರೈ ಗಳಿಸಿದರು. ಟ್ರೈಗಳ ಲೆಕ್ಕದಲ್ಲಿ ಎರಡೂ ಕಡೆ ಸಮ. ವ್ಯತ್ಯಾಸ ಮಾಡಿದ್ದು ಹುಟ್ಟುಹಬ್ಬದ ಹುಡುಗನ ಕಾಲು. ಮೆನಿಂಗಾ ಏಳು ಬಾರಿ ಕಂಬಗಳ ನಡುವೆ ಗುರಿಯಿಟ್ಟು ಚೆಂಡು ಒದ್ದರು, ಏಳೂ ಗೋಲು. ಆಗ ಟ್ರೈಗೆ ಮೂರು ಅಂಕ, ಗೋಲಿಗೆ ಎರಡು. ಕ್ವೀನ್ಸ್‌ಲ್ಯಾಂಡ್ 20, ನ್ಯೂ ಸೌತ್ ವೇಲ್ಸ್ 10.

ಸರಣಿ ಹೇಗೂ ಕೈತಪ್ಪಿತ್ತು. ಲೆಕ್ಕದ ಪುಸ್ತಕದಲ್ಲಿ ಈ ಗೆಲುವಿಗೆ ಬೆಲೆಯೇ ಇಲ್ಲ. ಆದರೆ ತವರಿಗೆ ಬಂದ ಮಗಳು ಅಡುಗೆಮನೆ ಹೊಕ್ಕ ಮೇಲೆ ಮನೆಯ ದನಿಯೇ ಬೇರೆಯಾಗುವಂತೆ, ಆ ರಾತ್ರಿ ಲ್ಯಾಂಗ್ ಪಾರ್ಕಿನ ದನಿ ಬೇರೆಯಾಗಿತ್ತು. ಕ್ವೀನ್ಸ್‌ಲ್ಯಾಂಡ್ ಪರ ಬೀಟ್‌ಸನ್ ಆಡಿದ ಒರಿಜಿನ್ ಪಂದ್ಯ ಅದೊಂದೇ. ಅಷ್ಟು ಸಾಕಾಯಿತು.

ಗೆಲ್ಲುವವರೂ ಕಲಿಯಬೇಕಾಯಿತು

1981ರಲ್ಲಿ ಮತ್ತೆ ಅದೇ ಏರ್ಪಾಡು: ಎರಡು ಹಳೆಯ ನಿಯಮದಲ್ಲಿ, ಒಂದು ಹೊಸದರಲ್ಲಿ. ಬೀಟ್‌ಸನ್ ತರಬೇತುದಾರ, ಲೂಯಿಸ್ ನಾಯಕ. ಒರಿಜಿನ್ ಪಂದ್ಯದಲ್ಲಿ 15–0 ಹಿಂದೆ ಬಿದ್ದಿದ್ದ ಕ್ವೀನ್ಸ್‌ಲ್ಯಾಂಡ್ 22–15ರಿಂದ ಗೆದ್ದಿತು. ಮೊದಲನೆಯದು ಆಕಸ್ಮಿಕ ಎನ್ನುತ್ತಿದ್ದವರ ಬಾಯಿ ಮುಚ್ಚಿತು. 1982ರಿಂದ ಮೂರೂ ಪಂದ್ಯಗಳು ಒರಿಜಿನ್ ನಿಯಮಕ್ಕೆ ಬಂದವು. 1982, 83, 84ರ ಮೂರೂ ಸರಣಿಗಳು ಕ್ವೀನ್ಸ್‌ಲ್ಯಾಂಡ್ ಪಾಲಾದವು.

ನ್ಯೂ ಸೌತ್ ವೇಲ್ಸ್‌ನಲ್ಲಿ ಆಟಗಾರರಿಗೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಹಟಕ್ಕೆ. ಶತಮಾನದುದ್ದಕ್ಕೂ ದೊಡ್ಡಣ್ಣನಾಗಿದ್ದವನಿಗೆ ತಮ್ಮನ ಮೇಲೆ ಸಿಟ್ಟು ಬರುವುದಾದರೂ ಹೇಗೆ? ಅವರಿಗೆ ತಮ್ಮ ತಮ್ಮ ಕ್ಲಬ್ಬೇ ಊರಾಗಿತ್ತು. ರಾಜ್ಯ ಎಂಬುದು ಅಂಚೆ ವಿಳಾಸದ ಕೊನೆಯ ಸಾಲು. ರಾಜ್ಯವನ್ನು ಪ್ರೀತಿಸಲು ಅವರು ಸೋಲಬೇಕಾಯಿತು. 1985ರಲ್ಲಿ ಸ್ಟೀವ್ ಮಾರ್ಟಿಮರ್ ನಾಯಕತ್ವದಲ್ಲಿ ಮೊದಲ ಬಾರಿಗೆ ಸರಣಿ ಗೆದ್ದಾಗ, ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಮಾರ್ಟಿಮರ್ ಮಂಡಿಯೂರಿ ನೆಲಕ್ಕೆ ಬಾಗಿದ ಚಿತ್ರ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ನನ್ನ ಲೆಕ್ಕದಲ್ಲಿ ಪೈಪೋಟಿ ಪೂರ್ತಿಯಾದದ್ದು ಆ ದಿನ. ಐದು ವರ್ಷ ಒಂದು ಕಡೆಯವರ ಕೋಪವಾಗಿದ್ದದ್ದು ಅಂದು ಇಬ್ಬರ ಜಗಳವಾಯಿತು. ಮರುವರ್ಷ ನ್ಯೂ ಸೌತ್ ವೇಲ್ಸ್ ಮೂರಕ್ಕೆ ಮೂರನ್ನೂ ಗೆದ್ದಿತು.

ಜಗಳ ಕೆಲವೊಮ್ಮೆ ಹದ ಮೀರಿತು. 1988ರಲ್ಲಿ ರೆಫರಿ ಲೂಯಿಸ್ ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದಾಗ ಲ್ಯಾಂಗ್ ಪಾರ್ಕಿನ ಜನ ಮೈದಾನಕ್ಕೆ ಬಿಯರ್ ಡಬ್ಬಿಗಳ ಮಳೆ ಸುರಿಸಿದರು. ರೌಡೊನಿಕಿಸ್ ತರಬೇತುದಾರರಾಗಿದ್ದ 1997ರಲ್ಲಿ, ಹೊಡೆದಾಟ ಶುರು ಮಾಡಲು ನ್ಯೂ ಸೌತ್ ವೇಲ್ಸ್ ಪಾಳಯದಲ್ಲಿ ಒಂದು ಸಂಕೇತ ಪದವೇ ಇತ್ತು: ‘ಕ್ಯಾಟಲ್ ಡಾಗ್’. ಈಗ ಮುಷ್ಟಿ ಎತ್ತಿದವರನ್ನು ನೇರ ಹೊರಗೆ ಕಳಿಸುತ್ತಾರೆ. ಆ ದಿನಗಳೇ ಚೆನ್ನಾಗಿದ್ದವು ಎಂದು ಹಲುಬುವ ಹಳಬರಿದ್ದಾರೆ. ಪೆಟ್ಟು ತಿಂದವರನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಲೂಯಿಸ್ ಆಡಿದ್ದು 31 ಒರಿಜಿನ್ ಪಂದ್ಯ, ಅದರಲ್ಲಿ 30ಕ್ಕೆ ನಾಯಕ, ಎಂಟು ಬಾರಿ ಪಂದ್ಯಶ್ರೇಷ್ಠ. ಕ್ವೀನ್ಸ್‌ಲ್ಯಾಂಡ್‌ನವರು ಅವರನ್ನು ‘ದಿ ಕಿಂಗ್’ ಎಂದೇ ಕರೆದರು. ಸಿಡ್ನಿಯಲ್ಲಿ ಅವರು ಮೈದಾನಕ್ಕೆ ಬಂದರೆ ಕೂಗಿ ಹೀಯಾಳಿಸುತ್ತಿದ್ದರು. ಎರಡೂ ಒಂದೇ ಗೌರವದ ಎರಡು ಮುಖ.

ಕಾಯಿಲೆ ವಾಸಿಯಾದ ಮೇಲೆ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಕುತೂಹಲದ್ದು ಮುಂದಿನ ತಿರುವು. 1988ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ಎಂಬ ಕ್ಲಬ್ ಸಿಡ್ನಿಯ ಲೀಗ್ ಸೇರಿತು. ಅದನ್ನು ಕಟ್ಟಿದವರಲ್ಲಿ ಮೊದಲು ಹೇಳಿದ ಅದೇ ಬ್ಯಾರಿ ಮರಾಂಟಾ ಇದ್ದರು. ಇನ್ನು ಮೇಲೆ ದೊಡ್ಡ ಮಟ್ಟದಲ್ಲಿ ಆಡಲು ಕ್ವೀನ್ಸ್‌ಲ್ಯಾಂಡ್‌ನ ಹುಡುಗ ಮನೆ ಬಿಡಬೇಕಾಗಿರಲಿಲ್ಲ. ಮುಂದೆ ಟೌನ್ಸ್‌ವಿಲ್‌ಗೂ ಒಂದು ಕ್ಲಬ್ ಬಂತು. ಯಾವ ಕಾಯಿಲೆಗೆ ಈ ಮದ್ದು ಅರೆದಿದ್ದರೋ ಆ ಕಾಯಿಲೆ ಬಹುಪಾಲು ವಾಸಿಯಾಯಿತು. ಮದ್ದನ್ನು ಮಾತ್ರ ಯಾರೂ ಬಿಡಲಿಲ್ಲ. ಅಷ್ಟರಲ್ಲಿ ಅದು ಊಟವಾಗಿತ್ತು.

1995 ಅದಕ್ಕೆ ಸಾಕ್ಷಿ. ‘ಸೂಪರ್ ಲೀಗ್’ ಎಂಬ ಬಂಡಾಯ ಲೀಗ್ ಕಟ್ಟಲು ಮಾಧ್ಯಮ ದಿಗ್ಗಜರು ಹಣ ಸುರಿದ ವರ್ಷ ಅದು. ಬಂಡಾಯದ ಕಡೆ ಸಹಿ ಹಾಕಿದ ಆಟಗಾರರನ್ನು ಒರಿಜಿನ್‌ಗೆ ಆರಿಸಲಿಲ್ಲ. ಬ್ರಾಂಕೋಸ್ ಇಡೀ ಕ್ಲಬ್ಬೇ ಆ ಕಡೆ ಹೋಗಿದ್ದರಿಂದ ಕ್ವೀನ್ಸ್‌ಲ್ಯಾಂಡ್‌ಗೆ ಉಳಿದದ್ದು ಹೆಸರೇ ಕೇಳಿರದ ಹುಡುಗರು. ತರಬೇತುದಾರ ಪಾಲ್ ವಾಟಿನ್ ಆ ಹೊತ್ತಿಗೆ ಟಿವಿಯಲ್ಲಿ ನಗೆ ಕಾರ್ಯಕ್ರಮ ನಡೆಸುತ್ತಿದ್ದವರು. ಮೂರಕ್ಕೆ ಮೂರೂ ಸೋಲುತ್ತಾರೆಂದು ಎಲ್ಲರೂ ಬರೆದಾಗಿತ್ತು. ಮೊದಲ ಪಂದ್ಯ 2–0. ಹೌದು, ಇಡೀ ಪಂದ್ಯದಲ್ಲಿ ವೇಯ್ನ್ ಬಾರ್‌ಟ್ರಿಮ್ ಒದ್ದ ಒಂದೇ ಒಂದು ಪೆನಾಲ್ಟಿ ಗೋಲು. ಬಿಲ್ಲಿ ಮೂರ್ ಎಂಬ ಆಟಗಾರ ಮೈದಾನಕ್ಕಿಳಿಯುವ ಸುರಂಗದಲ್ಲಿ ‘ಕ್ವೀನ್ಸ್‌ಲ್ಯಾಂಡರ್!’ ಎಂದು ಗಂಟಲು ಹರಿಯುವಂತೆ ಕೂಗಿದ್ದು ಆ ವರ್ಷವೇ. ಈಗ ಅದು ರಾಜ್ಯದ ಯುದ್ಧಘೋಷ. ಸರಣಿ 3–0ರಿಂದ ಕ್ವೀನ್ಸ್‌ಲ್ಯಾಂಡ್‌ನದಾಯಿತು.

2001ರಲ್ಲಿ ಇನ್ನೊಂದು. ಸರಣಿ 1–1ರ ಸಮಬಲದಲ್ಲಿದ್ದಾಗ ತರಬೇತುದಾರ ವೇಯ್ನ್ ಬೆನೆಟ್ ಗುಟ್ಟಾಗಿ ಇಂಗ್ಲೆಂಡಿಗೆ ಕರೆ ಕಳಿಸಿದರು. ಅಲ್ಲಿ ವಾರಿಂಗ್ಟನ್ ಕ್ಲಬ್ಬಿನಲ್ಲಿ ಕೊನೆಯ ವರ್ಷಗಳನ್ನು ಕಳೆಯುತ್ತಿದ್ದ ಅಲನ್ ಲ್ಯಾಂಗರ್ ವಿಮಾನ ಹತ್ತಿದರು. ಬಂದು ಆಡಿದರು, 40–14. ಬೀಟ್‌ಸನ್ ಕಥೆಯೇ ಮತ್ತೆ ನಡೆದಂತಿತ್ತು: ಮುಗಿದೇಹೋದನೆಂದು ಜಗತ್ತು ತೀರ್ಮಾನಿಸಿದವನನ್ನು ತವರು ಕರೆದದ್ದು.

2006ರಿಂದ 2013ರವರೆಗೆ ಕ್ವೀನ್ಸ್‌ಲ್ಯಾಂಡ್ ಸತತ ಎಂಟು ಸರಣಿ ಗೆದ್ದಿತು. ಹುಟ್ಟುಹಬ್ಬದ ಆ ಹುಡುಗ ಮೆನಿಂಗಾ ಆಗ ತರಬೇತುದಾರ. ಅವರ ತಂಡದ ಬೆನ್ನೆಲುಬಾಗಿದ್ದ ಕ್ಯಾಮರಾನ್ ಸ್ಮಿತ್, ಬಿಲ್ಲಿ ಸ್ಲೇಟರ್, ಕೂಪರ್ ಕ್ರಾಂಕ್ ಮೂವರೂ ಆಡುತ್ತಿದ್ದದ್ದು ಮೂರನೆಯ ರಾಜ್ಯದ ಮೆಲ್ಬರ್ನ್ ಸ್ಟಾರ್ಮ್ ಕ್ಲಬ್ಬಿನಲ್ಲಿ. ಹಳೆಯ ನಿವಾಸ ನಿಯಮ ಇದ್ದಿದ್ದರೆ ಮೂವರೂ ಕ್ವೀನ್ಸ್‌ಲ್ಯಾಂಡ್‌ಗೆ ಇಲ್ಲ. 1982ರಿಂದ 2025ರವರೆಗಿನ 44 ಸರಣಿಗಳಲ್ಲಿ ಕ್ವೀನ್ಸ್‌ಲ್ಯಾಂಡ್ 25, ನ್ಯೂ ಸೌತ್ ವೇಲ್ಸ್ 17 ಗೆದ್ದಿವೆ, ಎರಡು ಸಮ. ಮಹಿಳೆಯರ ಅಂತರರಾಜ್ಯ ಪಂದ್ಯಕ್ಕೆ 2018ರಲ್ಲಿ ಒರಿಜಿನ್ ಹೆಸರು ಬಂತು, 2024ರಿಂದ ಅವರಿಗೂ ಮೂರು ಪಂದ್ಯಗಳ ಸರಣಿ. ನಿಧಾನವಾಯಿತು ಎನ್ನದೆ ವಿಧಿಯಿಲ್ಲ.

‘ಎಲ್ಲಿಯವನು?’ ಎಂಬ ಪ್ರಶ್ನೆಯ ತೊಡಕು

ಕೇಳಲು ಸರಳವಾದ ಈ ಪ್ರಶ್ನೆಗೆ ಉತ್ತರ ಹೇಳುವುದು ಸರಳವಲ್ಲ ಎಂದು ಬೇಗನೆ ಗೊತ್ತಾಯಿತು. ಮೂಲ ಎಂದರೆ ಹುಟ್ಟಿದ ಆಸ್ಪತ್ರೆಯೇ, ಓದಿದ ಶಾಲೆಯೇ, ಮೊದಲು ದೊಡ್ಡವರ ಜೊತೆ ಆಡಿದ ಮೈದಾನವೇ? ಲೀಗ್ ಬಹುಕಾಲ ಕೊನೆಯದನ್ನು ಹಿಡಿದುಕೊಂಡಿತು. ಹಾಗಾಗಿ ಕ್ವೀನ್ಸ್‌ಲ್ಯಾಂಡ್‌ನ ಟೂವೂಂಬಾದಲ್ಲಿ ಹುಟ್ಟಿದ ಪೀಟರ್ ಸ್ಟರ್ಲಿಂಗ್ ನ್ಯೂ ಸೌತ್ ವೇಲ್ಸ್‌ನ ಅಚ್ಚುಮೆಚ್ಚಿನವರಾದರು. ಪಪುವಾ ನ್ಯೂಗಿನಿಯಲ್ಲಿ ಹುಟ್ಟಿದ ಏಡ್ರಿಯನ್ ಲ್ಯಾಮ್ ಕ್ವೀನ್ಸ್‌ಲ್ಯಾಂಡ್ ತಂಡದ ನಾಯಕರೇ ಆದರು.

ಸಿಡ್ನಿಯವರು ಇಂದಿಗೂ ಹಲ್ಲು ಕಡಿಯುವುದು ಗ್ರೆಗ್ ಇಂಗ್ಲಿಸ್ ಹೆಸರಿಗೆ. ಹುಟ್ಟಿದ್ದು ನ್ಯೂ ಸೌತ್ ವೇಲ್ಸ್‌ನ ಕೆಂಪ್ಸಿಯಲ್ಲಿ, ಬೆಳೆದದ್ದು ಅದೇ ರಾಜ್ಯದ ಬೋರಾವಿಲ್‌ನಲ್ಲಿ. ಶಾಲೆಯ ಕೊನೆಯ ವರ್ಷಗಳಲ್ಲಿ ಬ್ರಿಸ್ಬೇನ್‌ಗೆ ಬಂದು ಅಲ್ಲಿ ಆಡತೊಡಗಿದರು. ಮರೂನ್ ಅಂಗಿಯಲ್ಲಿ 32 ಪಂದ್ಯ ಆಡಿ 18 ಟ್ರೈ ಗಳಿಸಿದರು. ನಮ್ಮ ಹುಡುಗನನ್ನು ಕದ್ದರು ಎಂಬ ಗೋಳು ಈಗ ದಕ್ಷಿಣದಿಂದ ಕೇಳಿಬಂತು. 1980ಕ್ಕಿಂತ ಮೊದಲು ಇಪ್ಪತ್ತು ವರ್ಷ ಇದೇ ಗೋಳನ್ನು ಹಾಡಿಕೊಂಡಿದ್ದ ಕ್ವೀನ್ಸ್‌ಲ್ಯಾಂಡ್‌ನವರು ಕೇಳಿ ಮುಗುಳ್ನಕ್ಕರು. ಅದು ಅಷ್ಟು ಮರ್ಯಾದೆಯ ನಗುವಾಗಿರಲಿಲ್ಲ.

ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಜೇಮ್ಸ್ ಟಮೌ 2012ರಲ್ಲಿ ನ್ಯೂ ಸೌತ್ ವೇಲ್ಸ್ ಪರ ಆಡಿದಾಗ ವಾದ ಮತ್ತೆ ಹೊತ್ತಿಕೊಂಡಿತು. ಆ ವರ್ಷದ ಕೊನೆಗೆ ನಿಯಮವನ್ನು ಬಿಗಿ ಮಾಡಿದರು: ಹೊರಗೆ ಹುಟ್ಟಿದವನಾದರೆ, 13 ವರ್ಷ ತುಂಬುವ ಮುಂಚೆ ಆ ರಾಜ್ಯದಲ್ಲಿ ನೆಲೆಸಿರಬೇಕು. ಹದಿಮೂರೇ ಯಾಕೆ, ಹನ್ನೊಂದು ಯಾಕಲ್ಲ, ಹದಿನೈದು ಯಾಕಲ್ಲ ಎಂದು ಕೇಳಿದರೆ ಯಾರೂ ಒಪ್ಪುವ ಉತ್ತರ ಕೊಡಲಾರರು. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು, ಎಳೆದರು.

ಬೀಟ್‌ಸನ್ 2011ರಲ್ಲಿ ತೀರಿಕೊಂಡರು. ಲ್ಯಾಂಗ್ ಪಾರ್ಕನ್ನು ಕೆಡವಿ ಕಟ್ಟಿದ ಹೊಸ ಕ್ರೀಡಾಂಗಣದ ಹೊರಗೆ ಅವರ ಕಂಚಿನ ಪ್ರತಿಮೆ ಇದೆ. ಒರಿಜಿನ್ ರಾತ್ರಿ ಅದರ ಮುಂದೆ ಹಾದುಹೋಗುವ ಮರೂನ್ ಅಂಗಿಗಳ ಸಾಲಿನಲ್ಲಿ ಈಗ ಟೋಂಗಾ, ಸಮೋವಾದಿಂದ ಬಂದ ಕುಟುಂಬಗಳಿರುತ್ತವೆ, ಬ್ರಿಸ್ಬೇನ್‌ನಲ್ಲಿ ನೆಲೆಸಿದ ನಮ್ಮ ಕನ್ನಡದವರೂ ಇರುತ್ತಾರೆ. ಹುಬ್ಬಳ್ಳಿಯಿಂದ ಒಂದೇ ವಿಮಾನದಲ್ಲಿ ಬಂದಿಳಿದ ಅಣ್ಣತಮ್ಮಂದಿರನ್ನು ಊಹಿಸಿಕೊಳ್ಳಿ. ಅಣ್ಣನಿಗೆ ಹದಿನಾಲ್ಕು, ತಮ್ಮನಿಗೆ ಹನ್ನೆರಡು. ನಿಯಮದ ಪ್ರಕಾರ ತಮ್ಮ ಮುಂದೊಂದು ದಿನ ರೋಮಾದ ಬೀಟ್‌ಸನ್ ಅವರಷ್ಟೇ ಅಪ್ಪಟ ಕ್ವೀನ್ಸ್‌ಲ್ಯಾಂಡರ್ ಆಗಿ ಮೈದಾನಕ್ಕೆ ಇಳಿಯಬಹುದು. ಅಣ್ಣ ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂರಬೇಕು.